ಸ್ನೋಮೊಬೈಲಾ, ಸ್ನೋಬೈಕಾ? ಗ್ಯಾರೇಜಲ್ಲಿ ಒಂದು ಕೆಟಿಎಂ ಇದೆ, ಕೈಯಲ್ಲಿ 12,000 ಡಾಲರ್ ಇದೆ

ಕಾಫಿತೋಟ (ಬಾಯ್ಸಿ, ಐಡಹೋ)

ಎಲ್ಲರಿಗೂ ನಮಸ್ಕಾರ. ನಮ್ಮೂರು ಸಕಲೇಶಪುರದ ಹತ್ತಿರ. ಬಾಯ್ಸಿಗೆ ಬಂದ ಮೇಲೆ ಇದು ಮೂರನೇ ಚಳಿಗಾಲ. ಮೊದಲ ಎರಡನ್ನು ಹೀಟರ್ ಮುಂದೆ ಕೂತು, ಅಮ್ಮ ಕಳಿಸಿದ ಹಪ್ಪಳ ಸುಟ್ಟುಕೊಂಡು ತಿಂದು ಮುಗಿಸಿದೆ. ಈ ಸಲ ಹೊರಗೆ ಬೀಳಲೇಬೇಕು.

ಆಫೀಸಿನ ನಾಲ್ಕು ಜನ ಪ್ರತಿ ಶನಿವಾರ ಮೆಕಾಲ್ ಕಡೆ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಗಾಡಿ) ಓಡಿಸಲು ಹೋಗುತ್ತಾರೆ. ನನ್ನನ್ನೂ ಕರೆದಿದ್ದಾರೆ. ನನ್ನ ಹತ್ತಿರ ಬೇಸಿಗೆಗೆ ಓಡಿಸುವ ಕೆಟಿಎಂ 450 ಇದೆ. ಅದರ ಮುಂದಿನ ಚಕ್ರ ಬಿಚ್ಚಿ ಸ್ಕೀ, ಹಿಂದಿನ ಚಕ್ರ ಬಿಚ್ಚಿ ಟ್ರ್ಯಾಕ್ (ಹಲ್ಲಿರುವ ರಬ್ಬರ್ ಸುತ್ತುಪಟ್ಟಿ) ಹಾಕಿದರೆ ಸ್ನೋಬೈಕ್ ಆಗುತ್ತದೆ ಅಂತ ವಿಡಿಯೋ ನೋಡಿ ತಲೆ ಕೆಟ್ಟಿದೆ. ಕಿಟ್‌ಗೆ ಸುಮಾರು 6,000 ಡಾಲರ್. ಸೆಕೆಂಡ್ ಹ್ಯಾಂಡ್ ಸ್ನೋಮೊಬೈಲ್‌ಗಳು 9-10 ಸಾವಿರಕ್ಕೆ ಕಾಣಿಸುತ್ತಿವೆ. ಒಟ್ಟು 12,000 ಮೀರುವ ಹಾಗಿಲ್ಲ. ಮನೆಯಲ್ಲಿ ಅಪ್ಪಣೆ ಸಿಕ್ಕಿರುವುದು ಅಷ್ಟಕ್ಕೇ.

ತೋಟದ ಕೆಸರಲ್ಲಿ ಅಪ್ಪನ ಆರ್‌ಎಕ್ಸ್ 100 ಓಡಿಸಿಕೊಂಡು ಬೆಳೆದವನು ನಾನು. ಬೈಕ್ ಕೈಗೆ ಕೂತಿದೆ. ಹಾಗಾಗಿ ಸ್ನೋಬೈಕೇ ಸುಲಭ ಅನ್ನಿಸುತ್ತಿದೆ. ಸರಿ ತಾನೇ?

ಹಳೇ ಸ್ಲೆಡ್ಡು (ಲೋಗನ್, ಯೂಟಾ)

ಗುರು, ಗಾಡಿ ಪಕ್ಕಕ್ಕಿಡಿ. ಆ ನಾಲ್ಕು ಜನ ಏನು ಓಡಿಸುತ್ತಾರೆ? ಎಲ್ಲರದ್ದೂ ಸ್ಲೆಡ್ಡೇ? ಪಾರ್ಕಿಂಗ್‌ನಿಂದ ಆಟದ ಜಾಗಕ್ಕೆ ಎಷ್ಟು ದೂರ? ಇಷ್ಟು ಹೇಳಿ, ಆಮೇಲೆ ಮಾತಾಡೋಣ.

(ಹೊಸಬರಿಗೆ: ಇಲ್ಲಿ ಸ್ನೋಮೊಬೈಲನ್ನು ಎಲ್ಲರೂ ಸ್ಲೆಡ್ ಅಂತಲೇ ಕರೆಯುವುದು. ನಾನೂ ಹಾಗೇ ಬರೆಯುತ್ತೇನೆ.)

ಕಾಫಿತೋಟ

ನಾಲ್ಕೂ ಸ್ಲೆಡ್ಡು. ಎರಡು ಸ್ಕಿ-ಡೂ ಸಮ್ಮಿಟ್, ಎರಡು ಪೋಲಾರಿಸ್ ಆರ್‌ಎಂಕೆ. ಎಲ್ಲ 850 ಸಿಸಿ. ಜಾಸ್ತಿ ಹೋಗುವುದು ಮೆಕಾಲ್‌ನಿಂದ ವಾರನ್ ವ್ಯಾಗನ್ ರೋಡ್ ಹಿಡಿದು ಬರ್ಗ್‌ಡಾರ್ಫ್ ಬಿಸಿನೀರ ಬುಗ್ಗೆ ಕಡೆಗೆ. ಒಂದು ದಿಕ್ಕಿಗೆ 24 ಮೈಲಿ ಅಂತೆ. ಮಧ್ಯದಲ್ಲಿ ಬೆಟ್ಟ ಸಿಕ್ಕಲ್ಲಿ ಟ್ರೇಲ್ ಬಿಟ್ಟು ಪೌಡರ್‌ಗೆ (ಯಾರೂ ತುಳಿಯದ ಮೆತ್ತನೆ ಹಿಮಕ್ಕೆ) ಇಳಿಯುತ್ತಾರೆ.

ಹಳೇ ಸ್ಲೆಡ್ಡು

ಹಾಗಾದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ನೀವೇ ಕೊಟ್ಟಿದ್ದೀರಿ. ನಾಲ್ಕು ಸ್ಲೆಡ್ಡಿನ ಹಿಂದೆ ಒಂದು ಸ್ನೋಬೈಕ್ ಹೋದರೆ ದಿಬ್ಬಣದ ಬಸ್ಸಿನ ಹಿಂದೆ ಸೈಕಲ್ ತುಳಿದ ಹಾಗೆ. ಊಟಕ್ಕೆ ತಲುಪುತ್ತೀರಿ, ಎರಡನೇ ಪಂಕ್ತಿಗೆ.

850 ಎಂಜಿನ್ ಟೂ-ಸ್ಟ್ರೋಕು. ಸಮುದ್ರ ಮಟ್ಟದಲ್ಲಿ ಸುಮಾರು 165 ಎಚ್‌ಪಿ. ನಿಮ್ಮ 450 ಸುಮಾರು 55. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು 3 ಪರ್ಸೆಂಟ್ ಶಕ್ತಿ ಕಳೆದುಕೊಳ್ಳುತ್ತದೆ. ನಾವು ಇಲ್ಲಿ 9,000 ಅಡಿ ತನಕ ಹತ್ತುತ್ತೇವೆ. ಅಷ್ಟು ಎತ್ತರದಲ್ಲಿ ಸ್ಲೆಡ್ಡಿಗೆ 120 ಉಳಿದಿರುತ್ತದೆ, ನಿಮಗೆ 40. ಸ್ಲೆಡ್ಡಿನ ಟ್ರ್ಯಾಕ್ 15-16 ಇಂಚು ಅಗಲ, 154 ಅಥವಾ 165 ಇಂಚು ಉದ್ದ. ಸ್ನೋಬೈಕಿನದು 10-11 ಇಂಚು ಅಗಲ, ಉದ್ದ 120ರಿಂದ 137. ರಾತ್ರಿಯೆಲ್ಲ ಮೂರು ಅಡಿ ಹಿಮ ಬಿದ್ದ ಬೆಳಿಗ್ಗೆ ಈ ಅಗಲವೇ ನಿಮ್ಮನ್ನು ತೇಲಿಸುವುದು.

ಟ್ರೇಲ್ ಇನ್ನೊಂದು ತಲೆನೋವು. ಬೆಳಿಗ್ಗೆ ಯಂತ್ರ ಓಡಿಸಿ ಸಾಪಾಟಾಗಿ ಮಾಡಿರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ನೂರು ಗಾಡಿ ಓಡಾಡಿ, ಉತ್ತ ಹೊಲದಲ್ಲಿ ಸಾಲಿಗೆ ಅಡ್ಡಡ್ಡ ಓಡಿಸಿದ ಹಾಗೆ ಆಗಿರುತ್ತದೆ. ಸ್ಲೆಡ್ಡಿಗೆ ಮುಂದೆ ಎರಡು ಸ್ಕೀ. ನಿಮಗೆ ಒಂದೇ. ಬೇರೆಯವರು ಕೊರೆದ ಗೀರಿಗೆ ಸಿಕ್ಕಿ ಅದು ಅತ್ತಿತ್ತ ಓಡುತ್ತದೆ. 24 ಮೈಲಿ ಹ್ಯಾಂಡಲ್ ಜೊತೆ ಕುಸ್ತಿ ಆಡಿ, ಬಿಸಿನೀರಿಗೆ ಇಳಿದಾಗ ಭುಜ ಇರುವುದಿಲ್ಲ.

ಗುಬ್ಬಚ್ಚಿ 450 (ಕೋರ್ ಡಲೇನ್, ಐಡಹೋ)

ಹಳೇ ಸ್ಲೆಡ್ಡು ಅವರು ಹೇಳಿದ್ದೆಲ್ಲ ನಿಜ. ಆದರೆ ಅವರು ಆರಡಿ ಆಳು ಅಂತ ಅವರ ಫೋಟೋ ನೋಡಿದರೆ ಗೊತ್ತಾಗುತ್ತದೆ. ನಾನು ಐದು ಅಡಿ ಎರಡು ಇಂಚು, 52 ಕೆಜಿ.

ನಾನು ಮೊದಲು ತಗೊಂಡಿದ್ದು ಸ್ಲೆಡ್ಡೇ. ಪೆಟ್ರೋಲ್ ತುಂಬಿದ ಮೇಲೆ 230 ಕೆಜಿ ಮೇಲೇ ಬರುತ್ತದೆ. ಓಡುವಾಗ ಭಾರ ಗೊತ್ತಾಗಲ್ಲ. ಮರದ ಬುಡದ ಗುಂಡಿಗೆ ಮೂಗು ಹೊಕ್ಕಾಗ ಗೊತ್ತಾಗುತ್ತದೆ. ಕೆಳಗೆ ಸಲಿಕೆ ಹಾಕಿ ಹಿಮ ತೆಗಿ, ಪಕ್ಕದಲ್ಲಿ ತುಳಿದು ಗಟ್ಟಿ ಮಾಡು, ಸ್ಕೀ ಹಿಡಿದು ಇಳಿಜಾರಿನ ಕಡೆಗೆ ಎಳಿ, ಆಗಲಿಲ್ಲವಾ, ಗಾಡಿಯನ್ನೇ ಪೂರ್ತಿ ಉರುಳಿಸು. ಸೊಂಟದ ತನಕ ಹಿಮದಲ್ಲಿ ನಿಂತು ಇದನ್ನು ದಿನಕ್ಕೆ ಐದು ಸಲ ಮಾಡಿ ನೋಡಿ. ನಾನು ಪ್ರತಿ ಸಲ ಗಂಡನಿಗೋ ಗೆಳೆಯರಿಗೋ ಕಾಯುತ್ತಾ ಕೂರಬೇಕಿತ್ತು. ಅದು ನನಗೆ ಆಗಿಬರಲಿಲ್ಲ.

ಸ್ನೋಬೈಕ್ 150 ಕೆಜಿ ಆಸುಪಾಸು. ಹೂತುಕೊಂಡರೆ ಇಳಿದು ಪಕ್ಕಕ್ಕೆ ಮಲಗಿಸುತ್ತೇನೆ. ಗುಂಡಿಗೆ ಹಿಮ ತಳ್ಳಿ ಮುಚ್ಚುತ್ತೇನೆ. ಎತ್ತಿ ನಿಲ್ಲಿಸಿ ಕ್ಲಚ್ ಬಿಟ್ಟರೆ ಹೊರಟಿತು. ಎರಡು ನಿಮಿಷದ ಕೆಲಸ, ಯಾರ ಹಂಗೂ ಇಲ್ಲ. ಮರ ದಟ್ಟವಾಗಿರುವ ಕಡೆ ಅಡ್ಡ ಇಳಿಜಾರಿನಲ್ಲಿ ಹೋಗುವುದಂತೂ ಅದಕ್ಕೆ ಉಸಿರಾಟದಷ್ಟು ಸಲೀಸು. ವಾಲಿದ ಕಡೆ ಹೋಗುತ್ತದೆ. ಸ್ಲೆಡ್ಡಿನವರು ನೋಡಲೂ ಹೆದರುವ ಸಂದಿಯಲ್ಲಿ ನುಗ್ಗುತ್ತೇನೆ.

ಅಂದಹಾಗೆ ಈ ಕಿಟ್ ಆಟ ಬೆಳೆದಿದ್ದೇ ನಮ್ಮ ಪಕ್ಕದಲ್ಲಿ. ಕಿಟ್ ಮಾಡುತ್ತಿದ್ದ ಟಿಂಬರ್‌ಸ್ಲೆಡ್ ಕಂಪನಿ ಇಲ್ಲೇ ಸ್ಯಾಂಡ್‌ಪಾಯಿಂಟ್‌ನದಾಗಿತ್ತು. 2015ರಲ್ಲಿ ಪೋಲಾರಿಸ್ ಅದನ್ನು ಕೊಂಡಿತು.

ಬೆಂಗಳೂರಿಂದ ಇಣುಕುವವ

ನಾನು ಗುಲ್ಮಾರ್ಗ್‌ನಲ್ಲಿ ಸ್ನೋ ಸ್ಕೂಟರ್ ಓಡಿಸಿದ್ದೇನೆ. ಅಷ್ಟೇನೂ ಕಷ್ಟ ಇಲ್ಲ. ನೀವೆಲ್ಲ ಸುಮ್ನೆ ಹೆದರಿಸ್ತಿದ್ದೀರಾ.

ಗುಬ್ಬಚ್ಚಿ 450

ಓಡಿಸಿದ್ದು ನೀವಾ, ಮುಂದೆ ಕೂತಿದ್ದ ಅಣ್ಣನಾ?

ಬೆಂಗಳೂರಿಂದ ಇಣುಕುವವ

ಹಿಂದೆ ಕೂತಿದ್ದೆ. ಆದರೆ ಕೊನೆಗೆ ಒಂದು ನಿಮಿಷ ಹ್ಯಾಂಡಲ್ ಕೊಟ್ಟಿದ್ದರು. ಫೋಟೋ ಇದೆ.

ಮಿನ್ನೆಸೋಟ ಮಾವ

ಫೋಟೋ ಇದ್ದರೆ ಸಾಕು ಬಿಡಪ್ಪ, ನಾವು ನಂಬಿದೆವು.

ನಮ್ಮ ಕಡೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಮಿನ್ನೆಸೋಟದಲ್ಲಿ ಬೆಟ್ಟ ಇಲ್ಲ. ಇರುವುದು 22,000 ಮೈಲಿ ಟ್ರೇಲು, ಕೆರೆಗಳು, ಮಧ್ಯೆ ಮಧ್ಯೆ ಊಟದ ಜಾಗಗಳು. ಇಲ್ಲಿ ಚಿಕ್ಕ ಟ್ರ್ಯಾಕಿನ ಟ್ರೇಲ್ ಸ್ಲೆಡ್ ಬೇಕು, ಹಿಂದೆ ಹೆಂಡತಿ ಕೂರುವ ಹಾಗೆ. ಇಲ್ಲಿ ಸ್ನೋಬೈಕ್ ತಂದರೆ ಮದುವೆ ಮನೆಗೆ ಟ್ರ್ಯಾಕ್ಟರ್ ತಂದ ಹಾಗೆ. ಕೆರೆ ಮೇಲೆ ಹೋಗುವವರು ಒಂದು ನೆನಪಿಡಿ. ಸ್ಲೆಡ್ಡಿಗೆ ಕನಿಷ್ಠ 5ರಿಂದ 7 ಇಂಚು ಗಟ್ಟಿ ಮಂಜುಗಡ್ಡೆ ಬೇಕು. ಅಳೆದೇ ಹೋಗಿ.

ಈ ಗಾಡಿಗಳ ಹುಟ್ಟಿನ ಕಥೆ ಗೊತ್ತಾ? ಕೆನಡಾದ ಕ್ವಿಬೆಕ್‌ನಲ್ಲಿ ವಾಲ್ಕೂರ್ ಅಂತ ಹಳ್ಳಿ. ಅಲ್ಲಿನ ಮೆಕ್ಯಾನಿಕ್ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೇ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗ ಹೊಟ್ಟೆಯ ಸೋಂಕಿನಿಂದ ತೀರಿಕೊಂಡ. ಹಿಮ ತುಂಬಿ ರಸ್ತೆ ಮುಚ್ಚಿತ್ತು, ಆಸ್ಪತ್ರೆಗೆ ಒಯ್ಯಲು ದಾರಿಯೇ ಇರಲಿಲ್ಲ. ಮೂರು ವರ್ಷದ ನಂತರ ಅವನು ಹಿಮದ ಮೇಲೆ ಏಳು ಜನ ಕೂತು ಹೋಗುವ ಗಾಡಿ ಮಾಡಿದ. 1959ರಲ್ಲಿ ಒಬ್ಬಿಬ್ಬರು ಕೂರುವ ಸ್ಕಿ-ಡೂ ಬಂತು. ನಾವು ಇವತ್ತು ಮಜಾ ಮಾಡುತ್ತಿರುವ ಗಾಡಿ ಇದು. ನೆನೆಸಿಕೊಂಡರೆ ಹೇಗೋ ಆಗುತ್ತದೆ.

ಕಾಫಿತೋಟ

ಮಾವ, ಹಿಂದೆ ಹೆಂಡತಿ ಕೂರುವುದು ಅಂದಿರಿ. ನನ್ನವಳೂ ಅದನ್ನೇ ಕೇಳಿದಳು. ಸ್ನೋಬೈಕಲ್ಲಿ ಇಬ್ಬರು ಆಗಲ್ಲ ಅಂತ ಗೊತ್ತು. ಸ್ಲೆಡ್ ತಗೊಂಡರೆ ಆಗುತ್ತದಲ್ವಾ?

ಹಳೇ ಸ್ಲೆಡ್ಡು

ಬೆಟ್ಟದ ಸ್ಲೆಡ್ಡಲ್ಲಿ ಆಗಲ್ಲ. ಸೀಟು ಗುಬ್ಬಚ್ಚಿ ಗೂಡಿನಷ್ಟು ಇರುತ್ತದೆ. ಓಡಿಸುವವನೇ ಅರ್ಧ ದಿನ ನಿಂತಿರುತ್ತಾನೆ. ಇಬ್ಬರು ಕೂರಲು ಬೇರೆ ಮಾಡೆಲ್ ಇವೆ, ಅವನ್ನು ತಗೊಂಡು ಪೌಡರ್‌ಗೆ ಇಳಿಯಬೇಡಿ. ಅವರಿಗೆ ಆಸೆ ಇದ್ದರೆ ಒಂದು ದಿನ ವೆಸ್ಟ್ ಯೆಲ್ಲೋಸ್ಟೋನ್‌ಗೆ ಕರೆದುಕೊಂಡು ಹೋಗಿ. ಬಾಡಿಗೆಗೆ ಇಬ್ಬರ ಗಾಡಿ ಸಿಗುತ್ತವೆ, ಪಾರ್ಕ್ ಒಳಗೆ ಗೈಡ್ ಜೊತೆ ಹೋಗಬಹುದು. ಹಿಮ ಮೆತ್ತಿದ ಕಾಡೆಮ್ಮೆ ರಸ್ತೆ ಮಧ್ಯದಲ್ಲಿ ನಡೆದು ಬರುತ್ತದೆ. ಅವರಿಗೆ ಅದೇ ಇಷ್ಟ ಆಗುತ್ತದೆ ನೋಡಿ.

ಸ್ಪ್ಯಾನರು (ಡೆನ್ವರ್)

ರಿಪೇರಿ ಕಡೆಯಿಂದ ಎರಡು ಮಾತು. ಯಾರೂ ಇದನ್ನು ಮೊದಲು ಹೇಳಲ್ಲ.

ಬೈಕ್ ಎಂಜಿನ್ ಹಿಮಕ್ಕೆ ಅಂತ ಹುಟ್ಟಿದ್ದಲ್ಲ. ಬೇಸಿಗೆಯಲ್ಲಿ ಬಿಸಿ ಜಾಸ್ತಿ ಅಂತ ಒದ್ದಾಡುವ ರೇಡಿಯೇಟರ್, ಚಳಿಗಾಲದಲ್ಲಿ ಎಂಜಿನ್ನನ್ನು ಬೆಚ್ಚಗಾಗಲೂ ಬಿಡುವುದಿಲ್ಲ. ಥರ್ಮೋಸ್ಟಾಟ್ ಹಾಕಿಸಬೇಕು. ಎಂಜಿನ್ ಸುತ್ತ ಹೊದಿಕೆ ಕಟ್ಟಬೇಕು. ಹಿಮದಲ್ಲಿ ರೇಸ್ ಯಾವಾಗಲೂ ಪೂರ್ತಿ ತಿರುಗಿಸಿರುತ್ತೀರಿ. ಮಣ್ಣಿನ ಹಾಗೆ ಬಿಟ್ಟು ಬಿಟ್ಟು ಕೊಡುವುದಲ್ಲ. ಅದಕ್ಕೇ ಆಯಿಲ್, ವಾಲ್ವ್, ಪಿಸ್ಟನ್ ಲೆಕ್ಕ ಬೇಸಿಗೆಗಿಂತ ಬೇಗ ಬರುತ್ತದೆ. ಗಂಟೆ ಮೀಟರ್ ಇಲ್ಲದಿದ್ದರೆ ಇವತ್ತೇ ಹಾಕಿಸಿ. ಆಮೇಲೆ ಕಿಟ್ ಬೆಲೆ ಅಂತ ನೀವು ನೋಡಿದ್ದು ಬರೀ ಕಿಟ್. ನಿಮ್ಮ ಬೈಕ್ ಮಾಡೆಲ್‌ಗೆ ಕೂರಿಸುವ ಬ್ರಾಕೆಟ್, ಹ್ಯಾಂಡಲ್ ಹೀಟರ್, ಎಕ್ಸ್‌ಟ್ರಾ ಪೆಟ್ರೋಲ್ ಟ್ಯಾಂಕ್ ಎಲ್ಲ ಬೇರೆ. ಸಾವಿರ ಡಾಲರ್ ಎಲ್ಲಿ ಹೋಯಿತು ಅಂತ ಗೊತ್ತಾಗಲ್ಲ. ಹಳೇ ಕಿಟ್ ತಗೊಳ್ಳುವವರು ಮೊದಲು ಅದರ ಬಿಡಿಭಾಗ ಎಲ್ಲಿ ಸಿಗುತ್ತವೆ ಅಂತ ಫೋನ್ ಮಾಡಿ ಕೇಳಿ, ಆಮೇಲೆ ದುಡ್ಡು ಕೊಡಿ.

ಸ್ಲೆಡ್ಡೇನು ಸಾಧು ಅಂದುಕೊಳ್ಳಬೇಡಿ. ಅದರ ಕೂಲಂಟ್ ತಣಿಯುವುದು ಟ್ರ್ಯಾಕ್ ಎರಚುವ ಹಿಮದಿಂದ. ಗಟ್ಟಿ ಟ್ರೇಲಲ್ಲಿ ಹಿಮ ಏಳುವುದಿಲ್ಲ, ಎಂಜಿನ್ ಬಿಸಿಯಾಗುತ್ತದೆ. ಟ್ರ್ಯಾಕ್ ಜಾರುವ ಪ್ಲಾಸ್ಟಿಕ್ ಪಟ್ಟಿ ಸುಟ್ಟ ವಾಸನೆ ಬರುತ್ತದೆ. ಐಸ್ ಸ್ಕ್ರ್ಯಾಚರ್ ಅಂತ ಎರಡು ಕಡ್ಡಿ ಬರುತ್ತವೆ, ಕೆಳಗೆ ಇಳಿಸಿದರೆ ನೆಲ ಕೆರೆದು ಹಿಮ ಎಬ್ಬಿಸುತ್ತವೆ. ಸೆಕೆಂಡ್ ಹ್ಯಾಂಡ್ ನೋಡುವಾಗ ಈ ಪಟ್ಟಿ, ಟ್ರ್ಯಾಕಿನ ಹಲ್ಲು, ಟನಲ್ (ಟ್ರ್ಯಾಕ್ ಮೇಲಿನ ಲೋಹದ ಚೌಕಟ್ಟು) ಸೊಟ್ಟ ಆಗಿದೆಯಾ ನೋಡಿ. ಕಂಪ್ರೆಷನ್ ಟೆಸ್ಟ್ ಮಾಡಲು ಬಿಡದವನ ಹತ್ತಿರ ತಗೊಳ್ಳಬೇಡಿ.

ಗುಬ್ಬಚ್ಚಿ 450

ಸ್ಪ್ಯಾನರು ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ಮೊದಲ ವರ್ಷ ಮರದಡಿ ಹೋಗುವಾಗ ಕೊಂಬೆಯ ಹಿಮ ದಬ್ ಅಂತ ಮೈಮೇಲೆ ಬಿತ್ತು. ನೂರು ಅಡಿ ಹೋಗುವಷ್ಟರಲ್ಲಿ ಎಂಜಿನ್ ಕೆಮ್ಮಿ ನಿಂತಿತು. ಸೀಟ್ ತೆಗೆದು ನೋಡಿದರೆ ಏರ್ ಫಿಲ್ಟರ್ ಮೇಲೆ ಐಸ್ ಗೋಲಾ. ಬಣ್ಣ ಒಂದು ಹಾಕಿದ್ದರೆ ಮೈಸೂರು ದಸರಾ ಎಕ್ಸಿಬಿಷನ್‌ನಲ್ಲಿ ಮಾರಬಹುದಿತ್ತು. ಕಿಟ್ ಕೂರಿಸಿಕೊಟ್ಟ ಅಂಗಡಿಯವನು ಇದರ ಬಗ್ಗೆ ಒಂದು ಮಾತು ಹೇಳಿರಲಿಲ್ಲ. ಈಗ ಫಿಲ್ಟರ್ ಮೇಲೆ ನೀರು ಹಿಡಿಯದ ಜಾಲರಿ ಹಾಕಿದ್ದೇನೆ, ಗಾಳಿಯನ್ನು ಎಂಜಿನ್ನಿನ ಬಿಸಿ ಕಡೆಯಿಂದ ಎಳೆಯುವ ಹಾಗೆ ಮಾಡಿಸಿದ್ದೇನೆ. ಆಮೇಲೆ ತೊಂದರೆ ಬಂದಿಲ್ಲ.

ಹಳೇ ಸ್ಲೆಡ್ಡು

ನನ್ನದೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮೇಡಂ ಬಿಡಲ್ಲ. ಸ್ಲೆಡ್ಡಲ್ಲಿ ಗೇರ್ ಇಲ್ಲ. ನಮ್ಮ ಆಕ್ಟಿವಾ ಹಾಗೆ ಬೆಲ್ಟ್ ಮೇಲೆ ಓಡುತ್ತದೆ. ಫ್ರಾಂಕ್ಲಿನ್ ಬೇಸಿನ್‌ನಲ್ಲಿ ಒಂದು ಸಂಜೆ ಆ ಬೆಲ್ಟ್ ಪಟ್ ಅಂತ ಹರಿಯಿತು. ಎಕ್ಸ್‌ಟ್ರಾ ಬೆಲ್ಟ್ ಮನೆಯ ಗ್ಯಾರೇಜಿನ ಮೊಳೆಯಲ್ಲಿ ನೇತಾಡುತ್ತಿತ್ತು. ಗೆಳೆಯ ಅವನ ಸ್ಲೆಡ್ಡಿಗೆ ಹಗ್ಗ ಕಟ್ಟಿ ಆರು ಮೈಲಿ ಎಳೆದುಕೊಂಡು ಬಂದ. ಇದನ್ನು ಸ್ನೋಬೈಕ್ ಮಾಡುತ್ತದಾ? ಮಾಡಲ್ಲ. ಅದಕ್ಕೆ ತನ್ನನ್ನು ತಾನು ಎಳೆದುಕೊಂಡರೆ ಸಾಕಾಗಿರುತ್ತದೆ.

ಇನ್ನೊಂದು ಲಾಭ ಯಾರೂ ಹೇಳಿಲ್ಲ. ಸ್ಲೆಡ್ಡಿನ ಸೈಲೆನ್ಸರ್ ಮೇಲೆ ಡಬ್ಬಿ ಕೂರಿಸಬಹುದು. ಚಪಾತಿಯಲ್ಲಿ ಆಲೂಗಡ್ಡೆ ಪಲ್ಯ ಸುತ್ತಿ, ಫಾಯಿಲ್ ಮಡಚಿ ಇಟ್ಟರೆ ಹತ್ತು ಮೈಲಿಗೆ ಹದವಾಗಿ ಬಿಸಿಯಾಗುತ್ತದೆ. ಹದಿನೈದು ಮೈಲಿಗೆ ಸೀಯುತ್ತದೆ. ನನ್ನ ಜೊತೆಯ ಅಮೆರಿಕದವರು ಈಗ ತಮ್ಮ ಸಾಸೇಜ್ ಬಿಟ್ಟು ನನ್ನ ಡಬ್ಬಿ ಕಡೆ ನೋಡುತ್ತಾರೆ.

ಹುಬ್ಬಳ್ಳಿ ಮಂದಿ (ಕ್ಯಾಲ್ಗರಿ)

ಇಷ್ಟೊತ್ತು ಸುಮ್ಮನೆ ಓದುತ್ತಿದ್ದೆ ನೋಡ್ರಿ. ಎಚ್‌ಪಿ ಆಯಿತು, ಟ್ರ್ಯಾಕ್ ಆಯಿತು, ಚಪಾತಿನೂ ಆಯಿತು. ಹಿಮಕುಸಿತದ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲವಲ್ಲ.

ನಾನು ರೆವೆಲ್‌ಸ್ಟೋಕ್ ಕಡೆ ಓಡಿಸುತ್ತೇನೆ. ಅಲ್ಲಿ ಬೌಲ್ಡರ್ ಬೆಟ್ಟ ಅಂತ ಇದೆ. 2010ರ ಮಾರ್ಚ್ 13ರಂದು ಸ್ಲೆಡ್ಡಿನವರು ಅಲ್ಲಿ ಗುಂಪು ಸೇರಿದ್ದರು. ಯಾರು ಎಷ್ಟು ಎತ್ತರಕ್ಕೆ ಹತ್ತುತ್ತಾರೆ ಅಂತ ಪೈಪೋಟಿ. ನೋಡುವವರು ಇಳಿಜಾರಿನ ಕೆಳಗೇ ಗಾಡಿ ನಿಲ್ಲಿಸಿಕೊಂಡು ನಿಂತಿದ್ದರು. ಬೆಟ್ಟದ ಹಿಮ ಜಾರಿ ಅವರ ಮೇಲೇ ಬಂತು. ಇಬ್ಬರು ಸತ್ತರು, ಸುಮಾರು 30 ಜನ ಗಾಯಗೊಂಡರು.

ನಮ್ಮ ಕಡೆಯವರಿಗೆ ಹಿಮಕುಸಿತ ಅಂದಕೂಡಲೇ ನೆನಪಾಗುವುದು ಹನುಮಂತಪ್ಪ ಕೊಪ್ಪದ. ಧಾರವಾಡ ಜಿಲ್ಲೆ ಬೆಟದೂರಿನವರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆ ಮೇಲೆ ಹಿಮ ಕುಸಿಯಿತು. ಹತ್ತು ಸೈನಿಕರು ಒಳಗೆ ಸಿಕ್ಕಿಬಿದ್ದರು. ಆರು ದಿನದ ನಂತರ ಹನುಮಂತಪ್ಪ ಉಸಿರಾಡುತ್ತಿರುವಾಗಲೇ ಸಿಕ್ಕರು. ಆವತ್ತು ನಮ್ಮ ಓಣಿಯ ಗುಡಿಯಲ್ಲಿ ದೀಪ ಹಚ್ಚದ ಮನೆ ಇರಲಿಲ್ಲ. 11ನೇ ತಾರೀಖು ದೆಹಲಿಯಲ್ಲಿ ತೀರಿಕೊಂಡರು.

ಅದನ್ನು ಇಲ್ಲಿ ಯಾಕೆ ಹೇಳಿದೆ ಅಂದರೆ, ಆರು ದಿನ ಅನ್ನುವುದು ನಮ್ಮ ಜನರ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ನಿಮ್ಮ ಲೆಕ್ಕ ನಿಮಿಷದ್ದು. ಪೂರ್ತಿ ಹೂತುಹೋದವರನ್ನು 10 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಉಳಿಯುತ್ತಾರೆ. ಅರ್ಧ ಗಂಟೆ ಆಯಿತೋ, ಮೂರರಲ್ಲಿ ಒಬ್ಬರು. ರಕ್ಷಣಾ ತಂಡ ಬರುವ ಹೊತ್ತಿಗೆ ಆ ಅರ್ಧ ಗಂಟೆ ಮುಗಿದಿರುತ್ತದೆ. ನಿಮ್ಮನ್ನು ತೆಗೆಯುವುದು ನಿಮ್ಮ ಜೊತೆ ಬಂದವರು, ಬೇರೆ ಯಾರೂ ಅಲ್ಲ.

ಹಾಗಾಗಿ ತಮ್ಮಾ, 12,000ದಲ್ಲಿ ಮೊದಲು 1,500 ತೆಗೆದು ಪಕ್ಕಕ್ಕಿಡು. ಬೀಕನ್ (ಹೂತವರ ಜಾಗ ತೋರಿಸುವ ರೇಡಿಯೋ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ, ಒಂದು ಏರ್‌ಬ್ಯಾಗ್ (ಉಬ್ಬಿಕೊಂಡು ಹಿಮದ ಮೇಲೆ ತೇಲಿಸುವ ಬ್ಯಾಗ್), ಹಿಮಕುಸಿತದ ಒಂದು ಕೋರ್ಸ್. ಉಳಿದದ್ದರಲ್ಲಿ ಏನು ಬರುತ್ತದೋ ಅದು ನಿನ್ನ ಗಾಡಿ.

ಕಾಫಿತೋಟ

ಅಣ್ಣಾ, ಓದಿ ಮೈ ಜುಂ ಅಂತು. ನಾನು ಟ್ರೇಲ್ ಪಕ್ಕದಲ್ಲೇ ಆಡುವವನು, ನನಗೆ ಅಷ್ಟೆಲ್ಲ ಬೇಕಾ ಅಂದುಕೊಂಡಿದ್ದೆ.

ಹುಬ್ಬಳ್ಳಿ ಮಂದಿ

ಟ್ರೇಲ್ ಪಕ್ಕ ಅನ್ನುವುದೆಲ್ಲ ಮೊದಲ ಶನಿವಾರದ ಮಾತು. ಮೂರನೇ ಶನಿವಾರ ನೀನೂ ಬೆಟ್ಟ ಹತ್ತಿರುತ್ತೀ.

ಕುಸಿಯುವುದು ಜಾಸ್ತಿ 30ರಿಂದ 45 ಡಿಗ್ರಿ ಇಳಿಜಾರು. ಸ್ಲೆಡ್ ಹತ್ತಲು ಚೆಂದ ಅನ್ನಿಸುವುದೂ ಅದೇ. ಇಳಿಜಾರಿನ ಮೇಲೆ ಒಂದು ಸಲಕ್ಕೆ ಒಬ್ಬರೇ. ಗೆಳೆಯ ಮೇಲೆ ಸಿಕ್ಕಿಹಾಕಿಕೊಂಡರೆ ಸಹಾಯಕ್ಕೆ ಅಂತ ನೀನೂ ಹತ್ತಬೇಡ. ಇದು ನಮ್ಮವರಿಗೆ ತುಂಬಾ ಕಷ್ಟ. ಕರೆದರೆ ಓಡುವ ಜನ ನಾವು. ಕೆಳಗೆ, ಪಕ್ಕಕ್ಕೆ, ಗಾಡಿಯ ಮೂಗು ಹೊರಗಡೆಗೆ ತಿರುಗಿಸಿಕೊಂಡು ನಿಂತು ಅವನನ್ನು ನೋಡುತ್ತಿರು. ಅದೇ ಸಹಾಯ.

ಬೀಕನ್ ಮೈಮೇಲಿರಬೇಕು. ಬ್ಯಾಗಲ್ಲಲ್ಲ, ಗಾಡಿಯಲ್ಲಂತೂ ಅಲ್ಲವೇ ಅಲ್ಲ. ಗಾಡಿ ಒಂದು ಕಡೆ ಹೋಗುತ್ತದೆ, ನೀನು ಒಂದು ಕಡೆ. ಫೋನ್ ಅದರ ಪಕ್ಕದ ಜೇಬಿನಲ್ಲಿ ಇಟ್ಟರೆ ಸಿಗ್ನಲ್ ಕೆಡುತ್ತದೆ. ಕನಿಷ್ಠ 20 ಸೆಂಟಿಮೀಟರ್ ದೂರ ಇರಲಿ. ಹುಡುಕುವಾಗ 50.

ಮೆಕಾಲ್‌ನಲ್ಲಿ ಪೆಯೆಟ್ ಅವಲಾಂಚ್ ಸೆಂಟರ್ ಇದೆ. ಅವರ ಮುನ್ಸೂಚನೆ ಐದು ಮೆಟ್ಟಿಲಿನದು. ಮೂರನೇ ಮೆಟ್ಟಿಲು ನೋಡಿ ಮಧ್ಯಮ ಅಲ್ವಾ ಅಂತ ಸಮಾಧಾನ ಮಾಡಿಕೊಳ್ಳಬೇಡ. ಮೂರು ಅಂದರೆ ಸುಮ್ಮನೆ ಕಾಡಿನ ದಾರಿ ಹಿಡಿ.

ಮಿನ್ನೆಸೋಟ ಮಾವ

ಸ್ನೋಬೈಕ್, ಸ್ಲೆಡ್, ಇದರಲ್ಲಿ ವ್ಯತ್ಯಾಸ ಇದೆಯಾ? ಹಗುರ ಇದ್ದರೆ ಹಿಮ ಕುಸಿಯುವುದು ಕಡಿಮೆ ಅಲ್ವಾ?

ಗುಬ್ಬಚ್ಚಿ 450

ಮಾವ, ಒಬ್ಬ ಮನುಷ್ಯ ಸ್ಕೀ ಕಟ್ಟಿಕೊಂಡು ನಡೆದರೂ ಸಾಕು ಜಾರಲು. 150 ಕೆಜಿ ಅದಕ್ಕೇನು ಲೆಕ್ಕ. ನಿಜ ಹೇಳಬೇಕೆಂದರೆ ಸ್ನೋಬೈಕಿನವರಿಗೆ ಇನ್ನೊಂದು ಅಪಾಯ ಇದೆ. ಮರದ ನಡುವೆ ಸಂದಿಗೊಂದಿ ನುಗ್ಗಿ ಒಬ್ಬೊಬ್ಬರೇ ಕಣ್ಮರೆ ಆಗಿಬಿಡುತ್ತೇವೆ. ಮರದ ಬುಡದಲ್ಲಿ ಹಿಮ ಟೊಳ್ಳಾಗಿರುತ್ತದೆ, ತಲೆಕೆಳಗಾಗಿ ಬಿದ್ದರೆ ಎದ್ದು ಬರಲು ಆಗಲ್ಲ. ಅದಕ್ಕೆ ನಾವು ಕುತ್ತಿಗೆಗೆ ಸೀಟಿ ಕಟ್ಟಿಕೊಳ್ಳುತ್ತೇವೆ, ಹೆಲ್ಮೆಟ್‌ನಲ್ಲಿ ರೇಡಿಯೋ ಹಾಕಿಕೊಳ್ಳುತ್ತೇವೆ. ಎರಡು ನಿಮಿಷ ದನಿ ಇಲ್ಲ ಅಂದರೆ ನಿಲ್ಲುವುದು, ಅಷ್ಟೇ ನಿಯಮ.

ಸ್ಪ್ಯಾನರು

ಕಾಫಿತೋಟ ಅವರೇ, ಒಂದು ಸಲಹೆ. ಇಲ್ಲಿ ನಾವು ನೂರು ಬರೆಯುತ್ತೇವೆ. ಎರಡನ್ನೂ ಒಂದೊಂದು ದಿನ ಬಾಡಿಗೆಗೆ ತಗೊಂಡು ನೋಡಿ. 500-600 ಡಾಲರ್ ಹೋಗುತ್ತದೆ. ತಪ್ಪು ಗಾಡಿ ಕೊಂಡು ವರ್ಷದ ಕೊನೆಗೆ ಮಾರಿದರೆ 3,000 ಹೋಗುತ್ತದೆ.

ಕಾಫಿತೋಟ (ಮೂರು ವಾರದ ನಂತರ)

ಕ್ಷಮಿಸಿ, ತಡವಾಯಿತು. ಕೋರ್ಸ್ ಮುಗಿಸಿದೆ. ಎರಡೂ ಓಡಿಸಿದೆ. ಇನ್ನೂ ಬೆನ್ನು ನೋಯುತ್ತಿದೆ. ಉದ್ದಕ್ಕೆ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ದಿನ ಸ್ಲೆಡ್. 850, 154 ಇಂಚು. ಸ್ಟಾರ್ಟ್ ಆದ ತಕ್ಷಣ ನೀಲಿ ಹೊಗೆ ಮೂಗಿಗೆ ಬಡಿಯಿತು. ಟೂ-ಸ್ಟ್ರೋಕ್ ಆಯಿಲ್ ವಾಸನೆ. ನಿಮಗೆ ನಗು ಬರಬಹುದು, ನಾನು ಐದು ಸೆಕೆಂಡ್ ಕಣ್ಣು ಮುಚ್ಚಿ ನಿಂತೆ. ಬೆಳಿಗ್ಗೆ ಆರಕ್ಕೆ ಅಪ್ಪ ತೋಟಕ್ಕೆ ಹೊರಡುವಾಗ ಅಂಗಳದಲ್ಲಿ ಬರುತ್ತಿದ್ದ ವಾಸನೆ ಅದೇ.

ಅಲ್ಲಿಗೆ ಆರ್‌ಎಕ್ಸ್ ಸಂಬಂಧ ಮುಗಿಯಿತು. ಬೈಕಿನ ಕಸುಬು ಇಲ್ಲಿ ಉಪಯೋಗಕ್ಕೇ ಬರಲಿಲ್ಲ. ರೇಸ್ ಕೊಡುವುದು ಹೆಬ್ಬೆರಳಲ್ಲಿ. ಅಡ್ಡ ಇಳಿಜಾರಿನಲ್ಲಿ ಬಲಕ್ಕೆ ವಾಲಿಸಬೇಕಾದರೆ ಹ್ಯಾಂಡಲ್ ಎಡಕ್ಕೆ ತಿರುಗಿಸಿ, ಬಲಗಡೆ ಕಾಲಿಡುವ ಬೋರ್ಡ್ ಮೇಲೆ ಒಂದೇ ಕಾಲಲ್ಲಿ ನಿಂತು, ಪೂರ್ತಿ ಮೈ ಹೊರಗೆ ಹಾಕಿ, ಸ್ವಲ್ಪ ರೇಸ್ ಚುಚ್ಚಬೇಕು. ನಾನು ಭಯದಲ್ಲಿ ರೇಸ್ ಬಿಟ್ಟೆ. ಬಿಟ್ಟ ತಕ್ಷಣ ಗಾಡಿ ನೇರವಾಗಿ ಇಳಿಜಾರಿಗೆ ಮುಖ ಮಾಡಿತು. ಮಧ್ಯಾಹ್ನದೊಳಗೆ ಏಳು ಸಲ ಹೂತೆ. ಆರನೇ ಸಲಕ್ಕೆ ಗೆಳೆಯರು ತಮಾಷೆ ಮಾಡುವುದನ್ನೂ ನಿಲ್ಲಿಸಿದರು. ಗುಬ್ಬಚ್ಚಿ ಅಕ್ಕ ಹೇಳಿದ್ದು ಒಂದಕ್ಷರ ಸುಳ್ಳಲ್ಲ. ಆದರೆ ಮೂರು ಗಂಟೆ ಹೊತ್ತಿಗೆ ಒಂದು ಬಯಲಿನಲ್ಲಿ ಎದೆಮಟ್ಟ ಪೌಡರ್ ಸಿಕ್ಕಿತು. ರೇಸ್ ಪೂರ್ತಿ ಒತ್ತಿದೆ. ಗಾಡಿ ಮೇಲೆದ್ದು ತೇಲಿತು. ಆ ಎಳೆತ, ಅದನ್ನು ಹೇಗೆ ಹೇಳುವುದೋ ಗೊತ್ತಾಗುತ್ತಿಲ್ಲ.

ಎರಡನೇ ದಿನ ಸ್ನೋಬೈಕ್. ಹತ್ತೇ ನಿಮಿಷಕ್ಕೆ ಕೈಗೆ ಬಂತು. ಕ್ಲಚ್ಚು, ಗೇರು, ವಾಲಿದರೆ ತಿರುಗುವುದು, ಎಲ್ಲ ಗೊತ್ತಿದ್ದದ್ದೇ. ಮರಗಳ ನಡುವೆ ಒಂದು ಕಡೆ ನಿಲ್ಲಿಸಿ ಇಳಿದು, ಅಭ್ಯಾಸದಂತೆ ಎಡಗಾಲಲ್ಲಿ ಸ್ಟ್ಯಾಂಡ್ ಹುಡುಕಿದೆ. ಸ್ಟ್ಯಾಂಡೇ ಇಲ್ಲ. ಬೇಕಾಗಿಯೂ ಇಲ್ಲ. ಹಿಮದಲ್ಲಿ ಅರ್ಧ ಮುಳುಗಿ ಅದರ ಪಾಡಿಗೆ ಅದು ನೆಟ್ಟಗೆ ನಿಂತಿತ್ತು, ಕಟ್ಟಿಹಾಕದೆಯೂ ನಿಲ್ಲುವ ಸಾಧು ಎಮ್ಮೆ ಹಾಗೆ. ಎಂಜಿನ್ ಆಫ್ ಮಾಡಿದರೆ ಸುತ್ತ ಒಂದು ಸದ್ದಿಲ್ಲ. ಕೊಂಬೆಯಿಂದ ಹಿಮ ಉದುರುವುದು ಕೇಳಿಸುತ್ತಿತ್ತು. ಸ್ಲೆಡ್ಡಿನ ದಿನ ನನಗೆ ಇಂಥದ್ದು ಸಿಗಲಿಲ್ಲ. ಆವತ್ತು ಪೂರ್ತಿ ದಿನ ಗಾಡಿಯ ಜೊತೆಗಿನ ಜಗಳವೇ ಆಯಿತು.

ಅಷ್ಟೊತ್ತಿಗೆ ಗೆಳೆಯರು ಬರ್ಗ್‌ಡಾರ್ಫ್‌ಗೆ ಹೊರಟರು. ನಾನೂ ಹಿಂದೆ ಬಿದ್ದೆ. ಹಳೇ ಸ್ಲೆಡ್ಡು ಅಣ್ಣ ಬರೆದ ಕುಸ್ತಿ ಶುರುವಾಯಿತು. ಒಂದೇ ಸ್ಕೀ ಗೀರಿನಿಂದ ಗೀರಿಗೆ ಹಾರುತ್ತದೆ. ಹಲ್ಲು ಕಚ್ಚಿಕೊಂಡೇ ಓಡಿಸಿದೆ. ನಾನು ತಲುಪಿದಾಗ ನಾಲ್ಕೂ ಜನ ಬಿಸಿನೀರಿನಲ್ಲಿ ಕುತ್ತಿಗೆ ತನಕ ಕೂತಿದ್ದರು. ಅವರ ಒದ್ದೆ ಕೂದಲು ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಬಂದು ಮುಕ್ಕಾಲು ಗಂಟೆ ಆಯಿತು ಅಂದರು. ನನ್ನ ಪೆಟ್ರೋಲ್ ಟ್ಯಾಂಕ್ ತಳ ಕಾಣುತ್ತಿತ್ತು. ಒಬ್ಬನ ಸ್ಲೆಡ್ಡಿಂದ ಪೈಪ್ ಹಾಕಿ ಎಳೆದುಕೊಂಡೆವು. ಅದರಲ್ಲಿ ಆಯಿಲ್‌ಗೆ ಬೇರೆ ಟ್ಯಾಂಕ್ ಇರುವುದರಿಂದ ಮುಖ್ಯ ಟ್ಯಾಂಕಲ್ಲಿ ಬರೀ ಪೆಟ್ರೋಲೇ ಇರುತ್ತದೆ. ಅವನದ್ದು 40 ಲೀಟರ್ ಹತ್ತಿರ ಹಿಡಿಯುತ್ತದೆ, ನನ್ನದು 9.

ಹಾಗಾಗಿ ಸ್ಲೆಡ್ ತಗೊಂಡೆ. ಐದು ವರ್ಷ ಹಳೆಯದು, 8,600 ಡಾಲರ್. ಕಂಪ್ರೆಷನ್ ನೋಡಿಸಿದೆ ಸ್ಪ್ಯಾನರು ಅವರೇ, ಪಟ್ಟಿ ಬದಲಾಯಿಸಿದೆ. ಎಕ್ಸ್‌ಟ್ರಾ ಬೆಲ್ಟ್ ಗಾಡಿಯಲ್ಲೇ ಇದೆ. ಏರ್‌ಬ್ಯಾಗ್, ಬೀಕನ್, ಪ್ರೋಬ್, ಸಲಿಕೆ, ಕೋರ್ಸ್ ಸೇರಿ 1,700. ಒಳ್ಳೆ ಬೂಟಿಗೆ ಸ್ವಲ್ಪ ಉಳಿಯಿತು.

ಆದರೆ ನಿಜ ಹೇಳಿಬಿಡುತ್ತೇನೆ. ಮನಸ್ಸು ಕದ್ದಿದ್ದು ಸ್ನೋಬೈಕೇ. ಜೊತೆಯಲ್ಲಿ ಇನ್ನೊಬ್ಬ ಸ್ನೋಬೈಕಿನವನು ಇದ್ದಿದ್ದರೆ, ಕಾಡು ಪಾರ್ಕಿಂಗ್ ಪಕ್ಕದಲ್ಲೇ ಇದ್ದಿದ್ದರೆ, ಬೇರೆ ಮಾತೇ ಇರುತ್ತಿರಲಿಲ್ಲ.

ಗುಬ್ಬಚ್ಚಿ 450

ಛೇ. ಒಬ್ಬರು ಕೈತಪ್ಪಿದರು.

ಕೋರ್ ಡಲೇನ್‌ಗೆ ಬನ್ನಿ ಒಂದು ಸಲ. ನಾವು ಮೂರು ಜನ ಇದ್ದೇವೆ, ಮೂರೂ ಸ್ನೋಬೈಕು. ಗಂಡನ ಕಿಟ್ ಸುಮ್ನೆ ಬಿದ್ದಿದೆ, ಅದು ಕೆಟಿಎಂಗೇ ಕೂರುವುದು. ಬೈಕ್ ಮಾತ್ರ ತನ್ನಿ. ಊಟ ನಮ್ಮನೇಲಿ.

ಹುಬ್ಬಳ್ಳಿ ಮಂದಿ

ಕೋರ್ಸ್ ಮಾಡಿದೆಯಲ್ಲ, ಶಹಬ್ಬಾಸ್. ಆ ನಾಲ್ಕು ಜನರ ಹತ್ತಿರ ಬೀಕನ್ ಇದೆಯಾ? ಹುಡುಕಲು ಬರುತ್ತದಾ? ಪಾರ್ಕಿಂಗ್‌ನಲ್ಲೇ ಒಂದು ಬೀಕನ್ ಹಿಮದಲ್ಲಿ ಹೂತಿಟ್ಟು, ಎಷ್ಟು ನಿಮಿಷಕ್ಕೆ ಹುಡುಕುತ್ತಾರೆ ನೋಡು. ನೋಡಿ ಇಲ್ಲಿ ಬರಿ.

ಕಾಫಿತೋಟ

ಹೋದ ಶನಿವಾರ ಮಾಡಿದೆವು ಅಣ್ಣಾ. ಮೊದಲನೆಯವನು ನಾಲ್ಕು ನಿಮಿಷ. ಎರಡನೆಯವನು ಆರು. ಒಬ್ಬನ ಬೀಕನ್ ಬ್ಯಾಟರಿಯೇ ಸತ್ತಿತ್ತು, ಎರಡು ವರ್ಷದಿಂದ ನೋಡಿಯೇ ಇರಲಿಲ್ಲವಂತೆ. ಅವನನ್ನು ಆವತ್ತು ಟ್ರೇಲ್ ಬಿಟ್ಟು ಇಳಿಯಲು ಬಿಡಲಿಲ್ಲ. ಈಗ ಸ್ವಲ್ಪ ಮುನಿಸಿಕೊಂಡಿದ್ದಾನೆ. ಈ ವಾರ ಅವನಿಗೆ ಅಂತಲೇ ಚಪಾತಿ ಎರಡು ಜಾಸ್ತಿ ಕಟ್ಟುತ್ತಿದ್ದೇನೆ.

ಹಳೇ ಸ್ಲೆಡ್ಡು

ಹತ್ತು ಮೈಲಿ. ನೆನಪಿರಲಿ. ಹದಿನೈದಕ್ಕೆ ಸೀಯುತ್ತದೆ.